ಸುಳ್ಯದ ತೂಗುಸೇತುವೆ: 400 ರೂಪಾಯಿ ಆಟೋ, ಒಂದು ಸಡಿಲ ನಟ್ಟು

ಈ ಶಾಟ್ ಅಲ್ಲಾಡುತ್ತಿದೆ ಅಲ್ವಾ? ಕೈ ನಡುಕ ಅಲ್ಲ, ಸೇತುವೆಯೇ ತೂಗುತ್ತಿದೆ. ಆಚೆ ತುದಿಯಲ್ಲಿ ಯಾರೋ ಕಾಲಿಟ್ಟರೆ ಈಚೆ ನಿಂತವರ ಪಾದಕ್ಕೆ ಗೊತ್ತಾಗುತ್ತದೆ. ಸುಳ್ಯ ತಾಲೂಕು, ಬೆಳಗ್ಗೆ ಆರೂಮುಕ್ಕಾಲು. ರಾತ್ರಿಯಿಡೀ ಮಳೆ ಹೊಡೆದಿದೆ. ಕೆಳಗೆ ಹೊಳೆ ಕೆಂಪಾಗಿದೆ ನೋಡಿ.

ಇದು ಹಿಂದಿನ ದಿನದ ಕ್ಲಿಪ್. ಗೆಳೆಯನ ಮನೆ ಹೊಳೆಯ ಆಚೆ. ಸಂಜೆ ಗಾಳಿಮಳೆ ಜೋರಿತ್ತು, ಕ್ಯಾಮೆರಾ ಪೆಟ್ಟಿಗೆ ಹೊತ್ತು ಸೇತುವೆ ದಾಟುವುದಕ್ಕೆ ಧೈರ್ಯ ಬರಲಿಲ್ಲ. ಆಟೋ ಕೇಳಿದೆ. 400 ರೂಪಾಯಿ ಅಂದರು. ಮನೆಯ ಹೆಂಚು ಕಣ್ಣೆದುರಿಗೇ ಕಾಣುತ್ತಿದೆ, ಇಷ್ಟು ದೂರಕ್ಕೆ 400 ಯಾಕೆ ಅಂತ ನಾನು ವಾದಕ್ಕೆ ನಿಂತೆ. ಅವರಿಗೆ ಸಿಟ್ಟು ಬರಲಿಲ್ಲ. "ಕಾಣ್ತದೆ ಸರ್. ಆದ್ರೆ ಸುತ್ತಿ ಹೋಗ್ಬೇಕಲ್ಲ, ಹದಿನಾಲ್ಕು ಕಿಲೋಮೀಟರ್ ಉಂಟು" ಅಂದರು. ದಾರಿಯುದ್ದಕ್ಕೂ ಫೋನಿನಲ್ಲಿ ದೂರ ನೋಡುತ್ತಾ ಕೂತೆ. ಹದಿನಾಲ್ಕೇ. ಅದೂ ಗುಂಡಿಗಳ ರಸ್ತೆ, ವಾಪಸು ಖಾಲಿ ಬರಬೇಕು. 400 ಜಾಸ್ತಿ ಅಲ್ಲವೇ ಅಲ್ಲ, ನಾನು ಸುಮ್ನೆ ವಾದ ಮಾಡಿದೆ. ನನಗಾದರೆ ಅದು ಒಂದು ಸಂಜೆಯ ಖರ್ಚು. ಸೇತುವೆ ಇಲ್ಲದ ಕಾಲದಲ್ಲಿ ಈ ಮನೆಯವರಿಗೆ ಪ್ರತಿ ಮಳೆಗಾಲವೂ ಇದೇ ಸುತ್ತು.

ಗೆಳೆಯನ ಅಜ್ಜಿ ಊಟಕ್ಕೆ ಬಡಿಸುತ್ತಾ ಸೇತುವೆ ಬರುವ ಮೊದಲಿನ ಹಾಲಿನ ಕಥೆ ಹೇಳಿದರು. ಡೈರಿ ಇರುವುದು ಈಚೆ ದಡದಲ್ಲಿ. ಬೇಸಿಗೆಯಲ್ಲಿ ಹೊಳೆ ಇಳಿದೇ ದಾಟಬಹುದು, ಆದರೆ ಹಸಿ ಹುಲ್ಲಿಲ್ಲ, ಹಾಲು ಕಡಿಮೆ. ಮಳೆಗಾಲದಲ್ಲಿ ಹುಲ್ಲು ಬೇಕಾದಷ್ಟು, ಹಸು ಚೆನ್ನಾಗಿ ಹಾಲು ಕೊಡುತ್ತದೆ. ಆಗ ಹೊಳೆ ಬಿಡುವುದಿಲ್ಲ. ನೆರೆ ಬಂದ ದಿನ ದೋಣಿಯೂ ಇಲ್ಲ. ಹಾಲನ್ನು ಹೆಪ್ಪು ಹಾಕಿ, ಕಡೆದು, ಬೆಣ್ಣೆ ತೆಗೆದು, ಉಳಿದ ಮಜ್ಜಿಗೆಯನ್ನು ಬಾಳೆ ಬುಡಕ್ಕೆ ಹೊಯ್ಯುತ್ತಿದ್ದರಂತೆ.

ಮಧ್ಯ ಅಮೆರಿಕದ ನಿಕರಾಗುವಾ ದೇಶದ ಹಳ್ಳಿಗಳಲ್ಲೂ ಇದೇ ಕಥೆ. ಅಲ್ಲಿ ಕಾಲುಸೇತುವೆ ಬಂದ ಮೇಲೆ ಏನಾಯಿತು ಅಂತ ವ್ಯಾಟ್ ಬ್ರೂಕ್ಸ್, ಕೆವಿನ್ ಡೊನೊವನ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ 2020ರಲ್ಲಿ ಪ್ರಕಟಿಸಿದರು. ಸೇತುವೆ ಇಲ್ಲದ ಕಡೆ ನೆರೆ ಬಂದಾಗ ದುಡಿಮೆಯ ಆದಾಯ ಶೇ 18ರಷ್ಟು ಬೀಳುತ್ತಿತ್ತು. ಸೇತುವೆ ಬಂದ ಕಡೆ ಆ ಹೊಡೆತವೇ ತಪ್ಪಿತು. ಬಾಳೆ ಬುಡಕ್ಕೆ ಹೋದ ಮಜ್ಜಿಗೆಯ ಲೆಕ್ಕವೂ ಇದೇ.

ಸುಳ್ಯದಲ್ಲಿ ತೂಗುಸೇತುವೆಯ ಮಾತು ಬಂದರೆ ಗಿರೀಶ್ ಭಾರದ್ವಾಜರ ಹೆಸರು ಬರಲೇಬೇಕು. ಮಂಡ್ಯದಲ್ಲಿ ಅವರು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ಹೊಳೆಗೆ ಮೊದಲ ಸೇತುವೆ ಕಟ್ಟಿದರು, ಊರಿನವರೇ ಕೈಜೋಡಿಸಿದರು. ಆಮೇಲೆ ಬೇರೆ ರಾಜ್ಯಗಳೂ ಸೇರಿ ನೂರಕ್ಕೂ ಹೆಚ್ಚು ಸೇತುವೆ. 2017ರಲ್ಲಿ ಪದ್ಮಶ್ರೀ. ಹೊಳೆಯ ನಡುವೆ ಕಂಬವೇ ಇಲ್ಲ ಅನ್ನುವುದೇ ಇದರ ಗುಟ್ಟು. ನೆರೆಯಲ್ಲಿ ತೇಲಿ ಬರುವ ಮರದ ದಿಮ್ಮಿಗೆ ಬಡಿಯಲು ಏನೂ ಸಿಗುವುದಿಲ್ಲ. ಭಾರವೆಲ್ಲ ಉಕ್ಕಿನ ಹಗ್ಗಕ್ಕೆ, ಹಗ್ಗದಿಂದ ಎರಡು ದಡದ ಗೋಪುರಕ್ಕೆ, ಅಲ್ಲಿಂದ ಹಿಂದೆ ನೆಲದಲ್ಲಿ ಹೂತ ಕಾಂಕ್ರೀಟಿಗೆ.

ಆ ಹಗ್ಗ ನೆಲ ಸೇರುವ ಜಾಗ ಇದು. ಹಗ್ಗದ ತುದಿಯನ್ನು ಮಡಚಿ ಕ್ಲಾಂಪ್ ಹಾಕಿದ್ದಾರೆ. ಕ್ಲಾಂಪಿನ ಯು ಬೋಲ್ಟು, ಅಂದರೆ U ಆಕಾರದ ಬೋಲ್ಟು, ಹಗ್ಗದ ಮಡಚಿದ ತುದಿಯ ಮೇಲೇ ಇರಬೇಕು. ತಿರುಗಾಮುರುಗಾ ಹಾಕಿದರೆ ಭಾರ ಹೊತ್ತ ಹಗ್ಗವನ್ನೇ ಜಜ್ಜುತ್ತದೆ. ಇಲ್ಲಿ ಸರಿಯಾಗಿದೆ. ಆದರೆ ಮೂರನೇ ನಟ್ಟು ನೋಡಿ. ನನ್ನ ಬೆರಳಿಗೇ ತಿರುಗುತ್ತಿದೆ! ಎಳೆತಕ್ಕೆ ಹಗ್ಗ ಸಣ್ಣಗಾಗುತ್ತದೆ, ನಟ್ಟನ್ನು ಆಗಾಗ ಬಿಗಿ ಮಾಡಲೇಬೇಕು. ಗೆಳೆಯನ ಅಪ್ಪ ಪ್ರತಿ ವರ್ಷ ಮಳೆಗೆ ಮೊದಲು ಸ್ವಂತ ದುಡ್ಡಲ್ಲಿ ಗ್ರೀಸ್ ತಂದು ಬಳಿದು, ನಟ್ಟು ಬಿಗಿ ಮಾಡುತ್ತಾರೆ. ಈ ವರ್ಷ ಅಡಿಕೆ ಕೊಳೆರೋಗಕ್ಕೆ ಮದ್ದು ಬಿಡುವ ಗಡಿಬಿಡಿ, ಆಗಲಿಲ್ಲ. ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಸೇತುವೆಯ ಎಸ್ಟಿಮೇಟಿನಲ್ಲೇ ಇಪ್ಪತ್ತು ವರ್ಷದ ಗ್ರೀಸ್, ಸ್ಪ್ಯಾನರ್ ಹಿಡಿಯುವವರ ಸಂಬಳ ಬರೆದಿಡಬೇಕು. ಇಲ್ಲದಿದ್ದರೆ ಅದು ಅರ್ಧ ಎಂಜಿನಿಯರಿಂಗ್.

ಹೋದ ವಿಡಿಯೋದಲ್ಲಿ ಇಂಥ ಊರಿಗೆ ತೂಗುಸೇತುವೆ ಸಾಕು ಅಂದಿದ್ದೆ. ಆ ಮಾತು ವಾಪಸು ತಗೊಳ್ಳುತ್ತೇನೆ. ಇದರ ಮೇಲೆ ಆಂಬುಲೆನ್ಸ್ ಬರುವುದಿಲ್ಲ. ಹುಷಾರಿಲ್ಲದವರನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ದಾಟಿಸುತ್ತಾರೆ. ಹಾಗಂತ ದೊಡ್ಡ ಸೇತುವೆ ಬರುವವರೆಗೆ ಕಾಯಿರಿ ಅನ್ನುವುದೂ ತಪ್ಪು. ಇದೂ ಇರಲಿ, ಅದೂ ಬರಲಿ.

ಅಯ್ಯೋ, ಮುಖ್ಯವಾದ ಶಾಟ್ ಬಂತು. ಅಜ್ಜಿ, ಕೈಯಲ್ಲಿ ಹಾಲಿನ ಕ್ಯಾನ್. ಏಳು ಗಂಟೆಯೊಳಗೆ ಡೈರಿ ಮುಟ್ಟಬೇಕು. ದಾರಿಗೆ ಅಡ್ಡವಾಗಿ ನನ್ನ ಟ್ರೈಪಾಡ್. "ಸ್ವಲ್ಪ ಬದಿಗೆ ನಿಲ್ಲು ಮಗಾ" ಅಂದರು. ನಾನು ಟ್ರೈಪಾಡ್ ಎತ್ತಿಕೊಂಡೆ, ಕ್ಲಿಪ್ ಅಲ್ಲಿಗೇ ನಿಂತಿದೆ. ಗೆಳೆಯನ ಅಪ್ಪ ಸ್ಪ್ಯಾನರ್ ತಂದದ್ದು ಮುಂದಿನ ಕ್ಲಿಪ್‌ನಲ್ಲಿದೆ.