ಬಚ್ಚಿಟ್ಟ ಓದು: ಲೇಡಿ ಮೇರಿ ಮಾಂಟೆಗ್ಯು ಮತ್ತು ಆಕೆಯ ಮನೆಯವರು

ಎಲ್ಲರಿಗೂ ನಮಸ್ಕಾರ.

ನಮ್ಮ ಅಜ್ಜಿ, ತಾತಂದಿರ ತೋಳಿನ ಮೇಲೆ ಮೈಲಿ ಹಾಕಿದ ಗುರುತು ನೋಡಿರುತ್ತೀರಿ, ಅಲ್ವಾ? 1720ರ ದಶಕದಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಒಂದು ಜಾಹೀರಾತು ಬಂತು. ಶಾಲೆ ಬಿಟ್ಟು ಓಡಿಹೋದ ಹುಡುಗನನ್ನು ಹುಡುಕಿಕೊಡಿ ಅಂತ. ಗುರುತು ಏನು? ಎರಡೂ ಕೈಯಲ್ಲಿ, ಮಣಿಕಟ್ಟಿನಿಂದ ಎರಡು ಮೂರು ಇಂಚು ಮೇಲೆ, ಒಂದೊಂದು ಗುಂಡನೆಯ ಸಣ್ಣ ಕಲೆ. ಆ ಕಲೆ ಬೀಳುವಂತೆ ಮಾಡಿದ್ದು ಅವನ ತಾಯಿ. ಇವತ್ತು ನಾನು ಮಾತಾಡುವುದು ಆ ತಾಯಿಯ ಬಗ್ಗೆ.

ಮೇರಿ ಹುಟ್ಟಿದ್ದು 1689ರಲ್ಲಿ. ತಂದೆ ಎವೆಲಿನ್ ಪಿಯರ್‌ಪಾಂಟ್, ಮುಂದೆ ಕಿಂಗ್‌ಸ್ಟನ್ನಿನ ಡ್ಯೂಕ್ ಆದವರು. ತಾಯಿ ಬೇಗ ತೀರಿಕೊಂಡರು. ಮನೆಯಲ್ಲಿ ದೊಡ್ಡ ಪುಸ್ತಕ ಭಂಡಾರ ಇತ್ತು. ಹುಡುಗಿ ಅಲ್ಲಿ ಕೂತು ತಾನೇ ಲ್ಯಾಟಿನ್ ಕಲಿತಳು. ಮನೆಯವರು ಏನೋ ಕಥೆ ಪುಸ್ತಕ ಓದುತ್ತಿದ್ದಾಳೆ ಅಂದುಕೊಂಡು ಸುಮ್ಮನಿದ್ದರು. ಕದ್ದು ಕಲಿಯುವ ಈ ಅಭ್ಯಾಸ ಆಕೆಯನ್ನು ಕೊನೆಯವರೆಗೂ ಬಿಡಲಿಲ್ಲ.

ತಂದೆ ನೋಡಿದ ಗಂಡು ಬೇಡವೆಂದು 1712ರಲ್ಲಿ ಎಡ್ವರ್ಡ್ ವರ್ಟ್ಲಿ ಮಾಂಟೆಗ್ಯು ಜೊತೆ ಓಡಿಹೋಗಿ ಮದುವೆಯಾದಳು. ಮರುವರ್ಷ ಒಬ್ಬನೇ ತಮ್ಮ ಸಿಡುಬಿನಿಂದ ಸತ್ತ. 1715ರಲ್ಲಿ ಆಕೆಗೂ ಸಿಡುಬು ಬಂತು. ಜೀವ ಉಳಿಯಿತು. ಆದರೆ ಮುಖದ ತುಂಬ ಕಲೆ ಬಿತ್ತು, ಕಣ್ಣಿನ ರೆಪ್ಪೆಗೂದಲು ಉದುರಿಹೋಯಿತು.

ಗಂಡ ರಾಯಭಾರಿಯಾಗಿ ತುರ್ಕಿಗೆ ಹೊರಟಾಗ ಜೊತೆಗೆ ಹೋದಳು. ಅಲ್ಲಿ ಕಂಡದ್ದನ್ನು 1717ರಲ್ಲಿ ಗೆಳತಿಗೆ ಬರೆದಳು. ಬೇಸಿಗೆಯ ಬಿಸಿಲು ಇಳಿದ ಮೇಲೆ ಹದಿನೈದು ಹದಿನಾರು ಜನ ಒಂದು ಕಡೆ ಸೇರುತ್ತಾರೆ. ಮುದುಕಿಯೊಬ್ಬಳು ಅಕ್ರೋಟಿನ ಚಿಪ್ಪಿನಲ್ಲಿ ಸಿಡುಬಿನ ಕೀವು ತರುತ್ತಾಳೆ. ಎಲ್ಲಿ ಚುಚ್ಚಲಿ ಅಂತ ಕೇಳಿ, ದೊಡ್ಡ ಸೂಜಿಯಿಂದ ಗೀರಿ, ಸೂಜಿಯ ತಲೆಯ ಮೇಲೆ ನಿಲ್ಲುವಷ್ಟು ಕೀವು ಒಳಗೆ ಸೇರಿಸುತ್ತಾಳೆ. ಹೀಗೆ ಮಾಡಿದರೆ ಸಿಡುಬು ಹಗುರವಾಗಿ ಬಂದುಹೋಗಿ, ಮತ್ತೆ ಬರುವುದಿಲ್ಲ ಅಂತ. (ನಮ್ಮ ಅಜ್ಜಿಯರಿಗೆ ಹಾಕಿದ್ದು ಆಮೇಲೆ ಬಂದ ಲಸಿಕೆ. ಇದು ಅದಕ್ಕಿಂತ ಹಳೆಯ, ಅಪಾಯ ಜಾಸ್ತಿ ಇದ್ದ ಪದ್ಧತಿ.)

1718ರ ಮಾರ್ಚ್‌ನಲ್ಲಿ ಮೇರಿ ಮಗನಿಗೆ ಇದನ್ನು ಮಾಡಿಸಿದಳು. ಮುದುಕಿಯ ಕೈ ನಡುಗುತ್ತಿತ್ತು, ಸೂಜಿ ತುಕ್ಕು ಹಿಡಿದು ಮೊಂಡಾಗಿತ್ತು. ಮಗುವಿನ ಕೂಗು ತಡೆಯಲಾಗದೆ ವೈದ್ಯ ಮೈಟ್‌ಲ್ಯಾಂಡ್ ಇನ್ನೊಂದು ಕೈಗೆ ತಾನೇ ಚುಚ್ಚಿದ. ಮುಗಿದ ಮೇಲೆ ಮೇರಿ ಗಂಡನಿಗೆ ಕಾಗದ ಬರೆದಳು: ಹುಡುಗ ಹಾಡಿಕೊಂಡು ಆಡುತ್ತಿದ್ದಾನೆ, ರಾತ್ರಿಯ ಊಟಕ್ಕೆ ಕಾಯುತ್ತಿದ್ದಾನೆ. ಆ ತಾಯಿಯ ಧೈರ್ಯ ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

1721ರಲ್ಲಿ ಲಂಡನ್ನಿನಲ್ಲಿ ಮಗಳಿಗೂ ಮಾಡಿಸಿದಳು. ಅಲ್ಲಿನ ವೈದ್ಯರು ಆಳವಾಗಿ ಕೊಯ್ದು, ಭೇದಿಗೆ ಕೊಟ್ಟು ರೋಗಿಗಳನ್ನು ಹಿಂಸಿಸುವುದು ನೋಡಿ ಸಿಟ್ಟಾಗಿ ಪತ್ರಿಕೆಗೆ ಲೇಖನ ಬರೆದಳು. ಹೆಸರು ಹಾಕಲಿಲ್ಲ. "ತುರ್ಕಿಯ ವ್ಯಾಪಾರಿ" ಅಂತ ಸಹಿ ಮಾಡಿದಳು. ಇಷ್ಟು ತಿಳಿದವಳೂ ಗಂಡಸಿನ ವೇಷ ಹಾಕಿಕೊಂಡೇ ಮಾತಾಡಬೇಕಾಯಿತು.

ಮಗ ಓಡಿಹೋಗುತ್ತಲೇ ಬೆಳೆದ, ಸಾಲ ಮಾಡಿದ, ತಂದೆಯ ಆಸ್ತಿಯ ಬಹುಪಾಲು ಅವನಿಗೆ ಸಿಗಲೇ ಇಲ್ಲ. ಮಗಳು ಬ್ಯೂಟ್ ಪ್ರಭುವನ್ನು ಮದುವೆಯಾದಳು. 1739ರಲ್ಲಿ ಮೇರಿ ಗಂಡನನ್ನು ಬಿಟ್ಟು ಹೊರಟು, ಇಪ್ಪತ್ತು ವರ್ಷಕ್ಕೂ ಜಾಸ್ತಿ ಫ್ರಾನ್ಸ್, ಇಟಲಿಯಲ್ಲಿ ಕಳೆದಳು. ಅಲ್ಲಿಂದ ಮಗಳಿಗೆ ಬರೆದ ಕಾಗದಗಳು ನನಗೆ ತುಂಬ ಇಷ್ಟ. ಮೊಮ್ಮಗಳನ್ನು ಚೆನ್ನಾಗಿ ಓದಿಸು ಅನ್ನುತ್ತಾಳೆ. ಆದರೆ ಗೂನು, ಕುಂಟು ಇದ್ದರೆ ಹೇಗೆ ಮುಚ್ಚಿಡುತ್ತಾರೋ, ಕಲಿತದ್ದನ್ನು ಹಾಗೆ ಮುಚ್ಚಿಡಲಿ ಅಂತ ಸೇರಿಸುತ್ತಾಳೆ. ಈ ಮಾತು ಬರೆಯುವಾಗ ಆಕೆಗೆ ಎಷ್ಟು ನೋವಾಗಿರಬೇಕು!

1761ರಲ್ಲಿ ಊರಿಗೆ ಮರಳುವ ದಾರಿಯಲ್ಲಿ, ರಾಟರ್‌ಡ್ಯಾಮ್‌ನಲ್ಲಿ ಒಬ್ಬ ಪಾದ್ರಿಯ ಕೈಗೆ ತುರ್ಕಿಗೆ ಹೋಗಿದ್ದಾಗಿನ ತನ್ನ ಪತ್ರಗಳ ಹಸ್ತಪ್ರತಿ ಕೊಟ್ಟಳು. ಮನೆಯವರಿಗೆ ಕೊಡಲಿಲ್ಲ, ನೋಡಿ. ಮರುವರ್ಷ ಆಗಸ್ಟಿನಲ್ಲಿ ಸತ್ತಳು. ಆಗ ಅಳಿಯ ಬ್ರಿಟನ್ನಿನ ಪ್ರಧಾನಿ. ಮಗಳು 500 ಪೌಂಡ್ ಕೊಟ್ಟು ಹಸ್ತಪ್ರತಿ ವಾಪಸ್ ತರಿಸಿಕೊಂಡಳು. ಆದರೆ ಅಷ್ಟರಲ್ಲಿ ಅದರ ನಕಲು ಆಗಿಹೋಗಿತ್ತು. 1763ರಲ್ಲಿ ಪುಸ್ತಕ ಹೊರಬಂತು.

ಮನೆಯಲ್ಲೇ ಉಳಿದದ್ದು ತಾಯಿಯ ದಿನಚರಿ. ವರ್ಷಗಟ್ಟಲೆ ಬರೆದದ್ದು. 1794ರಲ್ಲಿ ತಾನು ಸಾಯುವ ಮುಂಚೆ ಮಗಳು ಅದನ್ನು ಸುಟ್ಟಳು. ಆಕೆ ಕೆಟ್ಟವಳಲ್ಲ. ಮನೆಯ ಮಾನಕ್ಕೆ ಅಂಜಿದಳು.

ಅವಳ ಮಗಳು ಲೂಯಿಸಾ ಸ್ಟುವರ್ಟ್. ಚಿಕ್ಕವಳಿದ್ದಾಗ ಪುಸ್ತಕ ಹಿಡಿದರೆ ಅಕ್ಕ ಅಣ್ಣಂದಿರು "ನೀನೂ ಅಜ್ಜಿಯ ಹಾಗೆ ಆಗಬೇಕಾ" ಅಂತ ಛೇಡಿಸುತ್ತಿದ್ದರು. 1837ರಲ್ಲಿ ಅಜ್ಜಿಯ ಬರಹಗಳ ಹೊಸ ಮುದ್ರಣ ಬಂದಾಗ, 80ರ ಹತ್ತಿರವಿದ್ದ ಲೂಯಿಸಾ ಅದಕ್ಕೆ ಅಜ್ಜಿಯ ಬಗ್ಗೆ ಬರೆದುಕೊಟ್ಟಳು. ಸುಟ್ಟುಹೋದ ದಿನಚರಿ ಹೇಗಿತ್ತು ಅನ್ನುವುದು ನಮಗೆ ಗೊತ್ತಾಗಿರುವುದು ಆ ಬರಹದಿಂದ. ಅದರಲ್ಲಿ ಲೂಯಿಸಾ ತನ್ನ ಹೆಸರು ಹಾಕಿಕೊಳ್ಳಲಿಲ್ಲ.