ಆಕಿ ಭಾಳ ಕಿರಿಕಿರಿ ರೀ

ಕೇಳುಗರಿಗೆ ನಮಸ್ಕಾರ.

ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಗೆ ಹೋದವರಿಗೆ ಗೊತ್ತು. ಅಲ್ಲಿ ತೇರು ಎಷ್ಟು ಮುಖ್ಯವೋ ನಾಟಕದ ಟೆಂಟುಗಳೂ ಅಷ್ಟೇ ಮುಖ್ಯ. ಒಂದು ಕಂಪನಿಯ ಪಕ್ಕ ಇನ್ನೊಂದು ಕಂಪನಿ. ಒಂದೇ ರಾತ್ರಿ ಎರಡು ಮೂರು ಆಟ. ಹಲವು ವರ್ಷದ ಹಿಂದೆ ಅಂಥ ಒಂದು ಟೆಂಟಿನ ಹಿಂಬದಿಯಲ್ಲಿ ಕೂತಿದ್ದೆ. ನಾನು ನಟ ಅಲ್ಲ. ನಾಟಕದ ಹುಚ್ಚು ಇರುವವನು, ಅಷ್ಟೆ. ಮಾಲಕರು ಚಹಾ ತರಿಸಿದರು. ಮಾತಿಗೆ ಮಾತು ಬಂದು ಅವರ ಕಂಪನಿಯ ನಾಯಕಿ ನಟಿಯ ಬಗ್ಗೆ ಕೇಳಿದೆ. ಪೋಸ್ಟರಿನಲ್ಲಿ ಎಲ್ಲರಿಗಿಂತ ದೊಡ್ಡ ಅಕ್ಷರ ಅವರದೇ. ಮಾಲಕರು ದನಿ ಇಳಿಸಿದರು. "ಕಲೆ ಐತ್ರಿ, ಇಲ್ಲ ಅನ್ನೂದಿಲ್ಲ. ಆದ್ರ ಆಕಿ ಭಾಳ ಕಿರಿಕಿರಿ ರೀ."

ಏನು ಕಿರಿಕಿರಿ ಅಂತ ಕೇಳಿದೆ. ಬಟ್ಟೆ ಬದಲಿಸುವ ಖೋಲಿಗೆ ಒಳಗಿನಿಂದ ಚಿಲಕ ಬೇಕಂತೆ. ಪರದೆ ಏಳುವ ಮೊದಲೇ ಅವತ್ತಿನ ಪಗಾರ ಕೈಗೆ ಬರಬೇಕಂತೆ. ಇಷ್ಟೇ.

ಆ ನಟಿ ಜಗಳಗಂಟಿ ಅನ್ನುವ ಮಾತನ್ನು ನಾನು ಹುಬ್ಬಳ್ಳಿಯಲ್ಲಿ ಮೊದಲೇ ಕೇಳಿದ್ದೆ. ಅಲ್ಲಿ ಚಿಲಕದ ಸುದ್ದಿ ಇರಲಿಲ್ಲ. ಪಗಾರದ ಸುದ್ದಿಯೂ ಇರಲಿಲ್ಲ. ಬರೀ ಸೊಕ್ಕಿನ ಸುದ್ದಿ ಇತ್ತು.

ದೊಡ್ಡ ಕಲಾವಿದರ ಜೊತೆ ಕೆಲಸ ಕಷ್ಟ ಅನ್ನುವ ಗಾಳಿಮಾತು ಹೊಸದಲ್ಲ. ಈ ಜಾತಿಯ ಮಾತು ಬಂದಾಗೆಲ್ಲ ನನಗೆ ಬಾಲಗಂಧರ್ವರ ನೆನಪಾಗುತ್ತದೆ. 1888ರಲ್ಲಿ ಹುಟ್ಟಿದ ನಾರಾಯಣರಾವ್ ರಾಜಹಂಸ. ಮರಾಠಿ ಸಂಗೀತ ನಾಟಕದ ಸ್ತ್ರೀಪಾತ್ರಧಾರಿ. ಬೆಳಗಾವಿ, ಧಾರವಾಡ, ಹುಬ್ಬಳ್ಳಿ ಕಡೆಯ ಹಳಬರು ಅವರ ಹಾಡನ್ನು ತಮ್ಮ ಮನೆಯ ಹಾಡಿನ ಹಾಗೆ ಗುನುಗುತ್ತಿದ್ದರು.

ಬಾಲಗಂಧರ್ವರ ಕಂಪನಿಯ ಲೆಕ್ಕ ಬರೆಯುವವರ ಪಾಡು ಊಹಿಸಿಕೊಳ್ಳಿ. ರಂಗದ ಮೇಲೆ ಉಡುವ ಸೀರೆ ಅಸಲಿ ಜರಿಯದೇ ಆಗಬೇಕು. ಅತ್ತರು ಅಸಲಿಯೇ ಆಗಬೇಕು. ತಬಲಾಕ್ಕೆ ಅಹ್ಮದ್‌ಜಾನ್ ಥಿರಕ್ವಾ ಅವರಂಥ ಉಸ್ತಾದರೇ ಬೇಕು. ಮುಂದಿನ ಸಾಲಿನಲ್ಲಿ ಕೂತವನಿಗೂ ಜರಿ ಅಸಲಿಯೋ ನಕಲಿಯೋ ಗೊತ್ತಾಗುವುದಿಲ್ಲ, ನಿಜ. ಆದರೆ ಉಟ್ಟವರಿಗೆ ಗೊತ್ತಾಗುತ್ತಲ್ಲ. ಇನ್ನು ಒನ್ಸ್ ಮೋರ್. ಜನ ಕೂಗಿದಷ್ಟು ಸಲ ಅದೇ ಪದವನ್ನು ಮತ್ತೆ ಹಾಡುವುದು. ನಾಟಕ ಬೆಳಗಿನ ಜಾವದವರೆಗೆ ಎಳೆಯುವುದು. ಜೊತೆಯ ನಟರು ವಿಂಗಿನಲ್ಲಿ ಆಕಳಿಸುತ್ತ ನಿಂತಿರುತ್ತಿದ್ದರೇನೋ. ನಾನಾದರೆ ಗೊಣಗುತ್ತಿದ್ದೆ.

ಅದೇ ಮನುಷ್ಯನ ಇನ್ನೊಂದು ಕಥೆ ಕೇಳಿ. 1911ರಲ್ಲಿ ಮುಂಬಯಿಯಲ್ಲಿ 'ಮಾನಾಪಮಾನ' ನಾಟಕದ ಮೊದಲ ಪ್ರಯೋಗ. ಅವತ್ತೇ ಅವರ ಪುಟ್ಟ ಮಗಳು ತೀರಿಕೊಂಡಳು. ಆಟ ನಿಲ್ಲಲಿಲ್ಲ. ಅವರು ನಾಯಕಿ ಭಾಮಿನಿಯ ವೇಷ ಹಾಕಿ ರಂಗಕ್ಕೆ ಬಂದು ಹಾಡಿದರು. ಈಗ ಹೇಳಿ, ಈ ಕಲಾವಿದರ ಜೊತೆ ಕೆಲಸ ಕಷ್ಟವೋ, ಸುಲಭವೋ?

ಕೇಶವರಾವ್ ಭೋಸಲೆ ಅಂತ ಇನ್ನೊಬ್ಬ ಮಹಾನಟ ಆಗ ಇದ್ದರು. ಅವರು 'ಲಲಿತಕಲಾದರ್ಶ' ಕಂಪನಿ ಕಟ್ಟಿದ್ದು ನಮ್ಮ ಹುಬ್ಬಳ್ಳಿಯಲ್ಲೇ, 1908ರಲ್ಲಿ. ಇವರ ಅಭಿಮಾನಿಗಳಿಗೂ ಬಾಲಗಂಧರ್ವರ ಅಭಿಮಾನಿಗಳಿಗೂ ದೊಡ್ಡ ಪೈಪೋಟಿ. 1921ರ ಜುಲೈನಲ್ಲಿ ಸ್ವಾತಂತ್ರ್ಯ ಚಳವಳಿಯ ತಿಲಕ್ ಸ್ವರಾಜ್ಯ ನಿಧಿಗಾಗಿ ಇಬ್ಬರೂ ಒಂದೇ ರಂಗಕ್ಕೆ ಹತ್ತಿದರು. ಅದೇ 'ಮಾನಾಪಮಾನ'. ಬಾಲಗಂಧರ್ವರು ಭಾಮಿನಿ, ಕೇಶವರಾವ್ ನಾಯಕ ಧೈರ್ಯಧರ. ಜಗಳ ನೋಡೋಣ ಅಂತ ಟಿಕೆಟ್ ಕೊಂಡವರೂ ಕೆಲವರು ಇದ್ದೇ ಇರುತ್ತಾರೆ, ಅಲ್ವಾ? ಅವರಿಗೆ ದುಡ್ಡು ದಂಡ. ಆ ರಾತ್ರಿಯ ಆಟವನ್ನು ಮರಾಠಿ ಜನ ಇವತ್ತಿಗೂ ನೆನೆಯುತ್ತಾರೆ. ಕೇಶವರಾವ್ ಅದೇ ವರ್ಷ ತೀರಿಕೊಂಡರು.

ನಾನು ಹೇಳಬೇಕೆಂದು ಬಂದದ್ದು ಮುಂದಿನ ಸಂಗತಿ. ನಮ್ಮ ಬೀಳಗಿಯ ಹೆಣ್ಣುಮಗಳು ಗೋಹರಬಾಯಿ ಕರ್ನಾಟಕಿ. ಸಿನಿಮಾದಲ್ಲಿ ಹಾಡಿ ಹೆಸರು ಮಾಡಿದ ಅಮೀರಬಾಯಿ ಕರ್ನಾಟಕಿಯ ಒಡಹುಟ್ಟಿದವಳು. ಬಾಲಗಂಧರ್ವರ ಹಾಡು ಅಂದರೆ ಈಕೆಗೆ ಜೀವ. ಅವರದೇ ಧಾಟಿಯಲ್ಲಿ ಹಾಡಬಲ್ಲವಳು. 1930ರ ದಶಕದ ಕೊನೆಯ ಹೊತ್ತಿಗೆ ಅವರ ಜೊತೆ ನಾಟಕಕ್ಕೆ ಬಂದಳು. ವಯಸ್ಸಾಗುತ್ತಿದ್ದ ಬಾಲಗಂಧರ್ವರ ಎದುರು ಹೆಣ್ಣಿನ ಪಾತ್ರ ಮಾಡಿದಳು. 1951ರಲ್ಲಿ ಮದುವೆಯೂ ಆಯಿತು.

ಶುರುವಾಯಿತು ನೋಡಿ ಮಾತು. ಅವಳು ಮೋಡಿ ಹಾಕಿದಳು, ಅವಳು ಬಂದ ಮೇಲೆ ಕಂಪನಿ ಮುಳುಗಿತು, ದೇವರಂಥ ಮನುಷ್ಯನನ್ನು ಬೀದಿಗೆ ತಂದಳು. ಹೆಂಗಸು, ಮುಸಲ್ಮಾನಳು, ಮೇಲಾಗಿ ಕನ್ನಡದವಳು. ಇನ್ನೇನು ಬೇಕು?

ಸ್ವಲ್ಪ ಇಸವಿ ಹಾಕಿ ನೋಡೋಣ. 1920ರ ದಶಕದ ಆರಂಭಕ್ಕೇ ಬಾಲಗಂಧರ್ವರ ಕಂಪನಿ ಗಂಧರ್ವ ನಾಟಕ ಮಂಡಳಿಯ ಮೇಲೆ ದೊಡ್ಡ ಸಾಲ ಇತ್ತು. ಆಮೇಲೆ ಮಾತಿನ ಸಿನಿಮಾ ಬಂತು, ನಾಟಕದ ಜನ ಆ ಕಡೆ ವಾಲಿದರು. 1935ರಲ್ಲಿ ಸ್ವತಃ ಬಾಲಗಂಧರ್ವರೇ ಪ್ರಭಾತ್ ಕಂಪನಿಯ 'ಧರ್ಮಾತ್ಮಾ' ಚಿತ್ರದಲ್ಲಿ ಪಾತ್ರ ಮಾಡಿದರು. ಇದೆಲ್ಲ ಆದ ಮೇಲೆ ಗೋಹರಬಾಯಿ ಬಂದದ್ದು. ಹಡಗಿಗೆ ನೀರು ನುಗ್ಗಿ ಹದಿನೈದು ವರ್ಷವಾಗಿತ್ತು. ಕೊನೆಗೆ ಹತ್ತಿದವಳ ಮೇಲೆ ತೂತು ಕೊರೆದ ಆರೋಪ ಬಂತು. ಬಾಲಗಂಧರ್ವರು ದುಡ್ಡು ಸುರಿದಾಗ ಅದಕ್ಕೆ ರಸಿಕತೆ ಅಂತ ಹೆಸರಿಟ್ಟಿದ್ದ ಜನರೇ ಈ ಆರೋಪ ಹೊರಿಸಿದ್ದು ಅನ್ನುವುದು ನನಗೆ ಜಾಸ್ತಿ ಚುಚ್ಚುತ್ತದೆ. ಆಕೆ 1964ರಲ್ಲಿ ತೀರಿಕೊಂಡಳು, ಅವರು 1967ರಲ್ಲಿ. ಪುಣೆಯಲ್ಲಿ ಅವರ ಹೆಸರಿನ ದೊಡ್ಡ ರಂಗಮಂದಿರ ಇದೆ.

ಗಂಡು ನಟರಿಗೆ ಇಂಥ ಮಾತು ಅಂಟುವ ರೀತಿಯೇ ಬೇರೆ. ಮಾಸ್ಟರ್ ಹಿರಣ್ಣಯ್ಯನವರನ್ನೇ ತೆಗೆದುಕೊಳ್ಳಿ. 'ಲಂಚಾವತಾರ'ದಲ್ಲಿ ಬೆಳಗಿನ ಪೇಪರಿನ ಸುದ್ದಿ ಸಂಜೆಯ ಮಾತಾಗಿ ಬರುತ್ತಿತ್ತು. ಬರೆದದ್ದೊಂದು, ಆಡುವುದೊಂದು. ಎದುರು ನಿಂತ ನಟ ಮೈಯೆಲ್ಲ ಕಿವಿಯಾಗಿ ನಿಲ್ಲಬೇಕು. ಅದನ್ನು ಯಾರೂ ಕಿರಿಕಿರಿ ಅನ್ನಲಿಲ್ಲ, ಪ್ರತಿಭೆ ಅಂದರು. ಸರಿಯಾಗಿಯೇ ಅಂದರು. ಅದೇ ಆಟವನ್ನು ಒಬ್ಬ ನಟಿ ಆಡಿದ್ದರೆ? "ಮಾತು ಬಾಯಿಪಾಠ ಮಾಡೂದಿಲ್ಲ" ಅನ್ನುತ್ತಿದ್ದರು ಅಂತ ನನ್ನ ಗುಮಾನಿ.

ಒಂದು ಮಾತು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಎಲ್ಲ ದೂರೂ ಗಾಳಿಮಾತಲ್ಲ. ತಾಲೀಮಿನಲ್ಲಿ ಹುಡುಗರನ್ನು ಹೊಡೆಯುವವರು, ಹುಡುಗಿಯರ ಜೊತೆ ಕೆಟ್ಟದಾಗಿ ನಡೆದುಕೊಳ್ಳುವವರು ರಂಗಭೂಮಿಯಲ್ಲೂ ಇದ್ದಾರೆ. "ದೊಡ್ಡ ಕಲಾವಿದರು, ಸುಮ್ನಿರು" ಅಂತ ಬಾಯಿ ಮುಚ್ಚಿಸಿದ್ದೂ ಇದೆ. ಆದರೆ ದೂರು ಕೊಡುವವರು ಏನಾಯಿತು, ಎಲ್ಲಿ ಆಯಿತು ಅಂತ ಹೇಳುತ್ತಾರೆ. ಗಾಳಿಮಾತಿನವರು "ಅವರು ಸರಿಯಿಲ್ಲ" ಅಂತಾರೆ, ಆಮೇಲೆ ಎಲೆ ಅಡಿಕೆ ಮಡಚುತ್ತಾರೆ. ಏನಾಯ್ತು ಅಂತ ಕೇಳಿದರೆ, "ಎಲ್ಲಾರಿಗೂ ಗೊತ್ತದ ಬಿಡ್ರಿ."

ಮಾರನೇ ವರ್ಷ ಮತ್ತೆ ಬನಶಂಕರಿಗೆ ಹೋದೆ. ಅದೇ ಕಂಪನಿ, ಅದೇ ಮಾಲಕರು, ಅದೇ ಚಹಾ. ನಾಯಕಿ ಮಾತ್ರ ಬೇರೆ. ಹಳೆಯ ನಟಿಯನ್ನು ಅವರು ಕರೆದಿರಲಿಲ್ಲ. ಹೊಸಬರು ಹೇಗೆ ಅಂತ ಕೇಳಿದೆ. ಮಾಲಕರ ಮುಖ ಅರಳಿತು. "ಭಾಳ ಛಲೋ ರೀ. ಏನೂ ಕೇಳೂದಿಲ್ಲ."

ಅವರ ಬೆನ್ನ ಹಿಂದೆ ಬಣ್ಣದ ಖೋಲಿಯ ಬಾಗಿಲು ತೆರೆದಿತ್ತು. ಒಳಬದಿಗೆ ಹೋದ ವರ್ಷದ ಚಿಲಕ ಇತ್ತು. ಎಣ್ಣೆ ಹಚ್ಚಿದ್ದರು.

ನಮಸ್ಕಾರ.