ಸಾಲ ಕೊಡುವುದಾದರೆ ಬೇಗ ಕೊಡಿ

ಎಲ್ಲರಿಗೂ ನಮಸ್ಕಾರ. ಬ್ಯಾಂಕಿನವರೇ ತುಂಬಿರುವ ಸಭೆ ಇದು. ಹಾಗಾಗಿ ಠೇವಣಿ ಎಂದರೇನು, ಅಡಮಾನ ಎಂದರೇನು ಅಂತ ಶುರು ಮಾಡುವುದಿಲ್ಲ. ಕಷ್ಟಕ್ಕೆ ಸಿಕ್ಕಿದ ಬ್ಯಾಂಕಿಗೆ ಕೇಂದ್ರ ಬ್ಯಾಂಕ್, ಅಂದರೆ ನಮ್ಮಲ್ಲಿ ರಿಸರ್ವ್ ಬ್ಯಾಂಕ್, ಯಾಕೆ ಸಾಲ ಕೊಡಬೇಕು, ಅದು ನಮ್ಮ ದುಡ್ಡಲ್ವಾ ಎಂದು ಜನ ಕೇಳುತ್ತಾರೆ. ಕೊಡಬೇಕು, ಬೇಗ ಕೊಡಬೇಕು ಎನ್ನುವುದು ನನ್ನ ಉತ್ತರ. ತಡ ಮಾಡಿದರೆ ಸಾಲದ ಸುದ್ದಿಯೇ ಬ್ಯಾಂಕನ್ನು ಮುಳುಗಿಸುತ್ತದೆ.

ಇಂಗ್ಲೆಂಡಿನ ನಾರ್ದರ್ನ್ ರಾಕ್ ನೋಡಿ. ಮನೆ ಸಾಲ ಕೊಡುವುದೇ ಅದರ ಮುಖ್ಯ ವ್ಯವಹಾರ. ಕೊಡುತ್ತಿದ್ದದ್ದು ವರ್ಷಗಟ್ಟಲೆ ಅವಧಿಯ ಸಾಲ. ಅದಕ್ಕೆ ದುಡ್ಡು ತರುತ್ತಿದ್ದದ್ದು ಬಹುಪಾಲು ಹಣದ ಮಾರುಕಟ್ಟೆಯಿಂದ, ಅಂದರೆ ಬೇರೆ ಬ್ಯಾಂಕು, ಸಂಸ್ಥೆಗಳಿಂದ ಅಲ್ಪಾವಧಿ ಸಾಲವಾಗಿ. ಜನರ ಠೇವಣಿ ಸುಮಾರು ಕಾಲು ಭಾಗ ಮಾತ್ರ. 2007ರ ಆಗಸ್ಟ್ 9ರಂದು ಫ್ರಾನ್ಸಿನ ಬಿಎನ್‌ಪಿ ಪಾರಿಬಾ ಬ್ಯಾಂಕ್ ತನ್ನ ಮೂರು ಫಂಡ್‌ಗಳಿಂದ ಹೂಡಿಕೆದಾರರು ಹಣ ತೆಗೆಯುವುದನ್ನು ನಿಲ್ಲಿಸಿತು. ಬ್ಯಾಂಕುಗಳು ಹೆದರಿ ಒಂದಕ್ಕೊಂದು ಸಾಲ ಕೊಡಲು ಹಿಂಜರಿದವು. ಅಲ್ಲಿಂದ ಮುಂದೆ ನಾರ್ದರ್ನ್ ರಾಕ್‌ಗೆ ಎಲ್ಲೂ ದುಡ್ಡು ಹುಟ್ಟಲಿಲ್ಲ.

ಸೆಪ್ಟೆಂಬರ್ 12ರಂದು ಅಲ್ಲಿನ ಕೇಂದ್ರ ಬ್ಯಾಂಕ್ ಆದ ಬ್ಯಾಂಕ್ ಆಫ್ ಇಂಗ್ಲೆಂಡಿನ ಗವರ್ನರ್ ಮರ್ವಿನ್ ಕಿಂಗ್ ಸಂಸತ್ ಸಮಿತಿಗೆ ಪತ್ರ ಬರೆದರು. ಸುಲಭವಾಗಿ ನೆರವು ಸಿಕ್ಕರೆ ಬ್ಯಾಂಕುಗಳು ಮುಂದೆ ಇನ್ನೂ ದುಸ್ಸಾಹಸ ಮಾಡುತ್ತವೆ ಎಂಬುದು ಅವರ ವಾದ. ಆ ಭಯ ಸುಳ್ಳಲ್ಲ. ಆದರೆ ಮರುದಿನ ರಾತ್ರಿಯೇ ಬಿಬಿಸಿಯಲ್ಲಿ ಬಂತು: ನಾರ್ದರ್ನ್ ರಾಕ್ ತುರ್ತು ಸಾಲ ಕೇಳಿದೆ!

ಬೆಳಗಾದರೆ ಶಾಖೆಗಳ ಮುಂದೆ ಸಾಲು. ವೆಬ್‌ಸೈಟ್ ತೆರೆಯುತ್ತಿಲ್ಲ. ಚೆಲ್ಟನ್‌ಹ್ಯಾಮ್‌ನಲ್ಲಿ ಇಬ್ಬರು ಜಂಟಿ ಖಾತೆದಾರರು ಮ್ಯಾನೇಜರನ್ನು ಅವರ ಕೋಣೆಯಿಂದ ಹೊರಗೆ ಬಿಡಲೇ ಇಲ್ಲ. ಪೊಲೀಸರು ಬರಬೇಕಾಯಿತು. ನಗಬೇಡಿ, ಕೌಂಟರಿನ ಈಚೆ ಕೂತವರಿಗೆ ಆ ಮ್ಯಾನೇಜರ್ ಪಾಡು ಗೊತ್ತು! ಸಾಲು ನಿಂತವರನ್ನು ದಡ್ಡರು ಎಂದವರಿದ್ದಾರೆ. ನಾನು ಒಪ್ಪುವುದಿಲ್ಲ. ಆಗ ಠೇವಣಿಗೆ ಮೊದಲ 2,000 ಪೌಂಡಿಗೆ ಮಾತ್ರ ಪೂರ್ತಿ ವಿಮೆ. ಮುಂದಿನ 33,000ಕ್ಕೆ ಶೇ. 90. ಅದರಾಚೆ ಸೊನ್ನೆ. ಜೀವಮಾನದ ಉಳಿತಾಯ ಅಲ್ಲಿಟ್ಟವರು ಇನ್ನೇನು ಮಾಡಬೇಕಿತ್ತು? ಸೆಪ್ಟೆಂಬರ್ 17ರಂದು ಹಣಕಾಸು ಸಚಿವ ಅಲಿಸ್ಟರ್ ಡಾರ್ಲಿಂಗ್ ಠೇವಣಿಗಳಿಗೆ ಸರ್ಕಾರದ ಖಾತ್ರಿ ಕೊಟ್ಟ ಮೇಲೆ ಸಾಲು ಕರಗಿತು. ಬ್ಯಾಂಕ್ ಮಾತ್ರ ಚೇತರಿಸಿಕೊಳ್ಳಲಿಲ್ಲ. 2008ರ ಫೆಬ್ರವರಿಯಲ್ಲಿ ಸರ್ಕಾರವೇ ಅದನ್ನು ವಹಿಸಿಕೊಂಡಿತು.

ಈಗ ಅದೇ ಬ್ಯಾಂಕ್ ಆಫ್ ಇಂಗ್ಲೆಂಡ್ ಮುಂದಿನ ವರ್ಷ ಏನು ಮಾಡಿತು ನೋಡಿ. 2008ರ ಅಕ್ಟೋಬರ್‌ನಲ್ಲಿ ಆರ್‌ಬಿಎಸ್ ಮತ್ತು ಎಚ್‌ಬಿಒಎಸ್ ಎಂಬ ಅಲ್ಲಿನ ಎರಡು ದೊಡ್ಡ ಬ್ಯಾಂಕುಗಳಿಗೆ ಗುಟ್ಟಾಗಿ ಸಾಲ ಕೊಟ್ಟಿತು. ಒಂದು ಹಂತದಲ್ಲಿ ಎರಡೂ ಸೇರಿ 61.6 ಶತಕೋಟಿ ಪೌಂಡ್! ಅಡಮಾನ ಇಟ್ಟುಕೊಂಡೇ ಕೊಟ್ಟಿತು. 2009ರ ಜನವರಿ ಹೊತ್ತಿಗೆ ಎಲ್ಲ ತೀರಿತು. ಜನರಿಗೆ ಗೊತ್ತಾಗಿದ್ದು ಆ ವರ್ಷದ ನವೆಂಬರ್‌ನಲ್ಲಿ. ಗುಟ್ಟು ಸರಿಯಾ ಎಂದು ಕೇಳಬಹುದು. ಸಾಲ ನಡೆಯುವಾಗ ಗುಟ್ಟು, ತೀರಿದ ಮೇಲೆ ಪೂರ್ತಿ ಲೆಕ್ಕ. ನನಗೆ ಅದು ಸರಿ ಕಾಣುತ್ತದೆ. ಆರ್‌ಬಿಎಸ್‌ಗೆ ಬಂಡವಾಳವನ್ನೂ ಸರ್ಕಾರವೇ ಹಾಕಬೇಕಾಯಿತು, ನಿಜ. ಅದು ತೆರಿಗೆ ಕಟ್ಟುವವರ ಹೆಗಲಿಗೆ ಬಿದ್ದ ಬೇರೆ ಹೊರೆ. ಕೈಯಲ್ಲಿ ಕಾಸಿಲ್ಲದಿರುವುದು ಒಂದು, ಆಸ್ತಿಯೇ ಕರಗಿರುವುದು ಇನ್ನೊಂದು. ತುರ್ತು ಸಾಲ ಮೊದಲನೆಯದಕ್ಕೆ ಮಾತ್ರ ಮದ್ದು.

ಒಳ್ಳೆಯ ಅಡಮಾನ ಇದ್ದವರಿಗೆ ಧಾರಾಳವಾಗಿ ಕೊಡಿ, ಬಡ್ಡಿ ಜಾಸ್ತಿ ಹಾಕಿ ಎಂದು ಇಂಗ್ಲೆಂಡಿನ ಪತ್ರಕರ್ತ ವಾಲ್ಟರ್ ಬ್ಯಾಜಟ್ 1873ರಲ್ಲೇ ಬರೆದರು. ಇದರ ಬಗ್ಗೆ ಇನ್ನೂ ಹೇಳಬೇಕಿತ್ತು, ಆದರೆ ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ.

ಕಷ್ಟಕ್ಕೆ ಸಿಕ್ಕಿದ್ದ ನಮ್ಮ ಯೆಸ್ ಬ್ಯಾಂಕ್ ಒಂದನ್ನು ಹೇಳಿ ಮುಗಿಸುತ್ತೇನೆ. 2020ರ ಮಾರ್ಚ್ 5ರಂದು ಹಣ ತೆಗೆಯಲು 50,000 ರೂಪಾಯಿ ಮಿತಿ ಹಾಕಿದರು. 18ಕ್ಕೆ ಆ ಮಿತಿ ತೆಗೆದರು. ಮಿತಿ ಎದ್ದ ದಿನ ದುಡ್ಡೆಲ್ಲ ಹರಿದುಹೋಗುವ ಭಯ ಇತ್ತು. ಎಸ್‌ಬಿಐ ಮತ್ತು ಬೇರೆ ಬ್ಯಾಂಕುಗಳು ಬಂಡವಾಳ ಹಾಕಿದವು. ರಿಸರ್ವ್ ಬ್ಯಾಂಕ್ 50,000 ಕೋಟಿ ರೂಪಾಯಿ ಸಾಲದ ಬೆಂಬಲ ಕೊಟ್ಟಿತು. ಸೆಪ್ಟೆಂಬರ್‌ನಲ್ಲಿ ಆ ಸಾಲ ಪೂರ್ತಿ ತೀರಿತು. ಹಾಗಾದರೆ ಆ ಮೊದಲ ಎರಡು ವಾರ ಜನರನ್ನು ಯಾಕೆ ಕಾಯಿಸಬೇಕಿತ್ತು? ನಿಮ್ಮಲ್ಲಿ ಕೆಲವರು ಇದನ್ನು ಒಪ್ಪಲಿಕ್ಕಿಲ್ಲ. ಮೈಕ್ ನಿಮ್ಮ ಕಡೆ ಕಳಿಸುತ್ತೇನೆ, ಕೇಳಿ.